ಮಕ್ಕಳ ಹಾಕಿಯಲ್ಲಿ ದೊಡ್ಡವರೂ ಆಡಬಹುದೇ? ಇದು ಕಾಲು ಸೆಕೆಂಡಿನ ಲೆಕ್ಕ

ಬೇಸಿಗೆ ಶಿಬಿರವಿರಲಿ, ಊರಿನ ಕ್ಲಬ್ ಇರಲಿ, ಮಕ್ಕಳ ತಂಡಕ್ಕೆ ಒಬ್ಬರಿಬ್ಬರು ಕಡಿಮೆಯಾದರೆ ಕೋಚ್ ತಾವೇ ಸ್ಟಿಕ್ ಹಿಡಿದು ಆಟಕ್ಕೆ ಇಳಿಯುವುದು ಹಾಕಿಯಲ್ಲಿ ಸಾಮಾನ್ಯ. ಕೆಲವೊಮ್ಮೆ ಅಪ್ಪ ಅಮ್ಮಂದಿರೂ ಸೇರಿಕೊಳ್ಳುತ್ತಾರೆ. ಇದರ ಬಗ್ಗೆ ಎರಡು ನಂಬಿಕೆಗಳಿವೆ. "ದೊಡ್ಡವರ ಜೊತೆ ಆಡಿದರೇ ಮಕ್ಕಳು ಗಟ್ಟಿಯಾಗುವುದು" ಎನ್ನುವವರು ಕೆಲವರು. "ದೊಡ್ಡವರು ನಡುವೆ ಬಂದರೆ ಮಕ್ಕಳಿಗೆ ಪೆಟ್ಟು ತಪ್ಪಿದ್ದಲ್ಲ" ಎನ್ನುವವರು ಇನ್ನು ಕೆಲವರು.

ಎರಡರಲ್ಲೂ ಅರ್ಧ ನಿಜವಿದೆ. ಉಳಿದರ್ಧವನ್ನು ತೀರ್ಮಾನಿಸುವುದು ಒಂದೇ ವಿಷಯ: ಆ ದೊಡ್ಡವರು ಮಗುವಿಗೆ ಎಷ್ಟು ಸಮಯ ಕೊಡುತ್ತಾರೆ ಎಂಬುದು. ಹೇಗೆ ಎಂದು ನೋಡೋಣ.

ಐದು ಮೀಟರ್ ದೂರ, ಕಾಲು ಸೆಕೆಂಡ್

ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಅಂದರೆ ಹೆಚ್ಚೂ ಕಡಿಮೆ ಕ್ರಿಕೆಟ್ ಚೆಂಡಿನಷ್ಟೇ. ಆದರೆ ಕ್ರಿಕೆಟ್‌ನಲ್ಲಿ ಬ್ಯಾಟರ್‌ಗೆ ಪ್ಯಾಡ್, ಗ್ಲೌಸ್, ಹೆಲ್ಮೆಟ್ ಇರುತ್ತವೆ. ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟರೆ ಉಳಿದವರಿಗೆ ಸಾಮಾನ್ಯವಾಗಿ ಶಿನ್‌ಗಾರ್ಡ್ ಮತ್ತು ಮೌತ್‌ಗಾರ್ಡ್ ಮಾತ್ರ.

ಒಬ್ಬ ವಯಸ್ಕ ಆಟಗಾರ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಚೆಂಡನ್ನು ಹೊಡೆದರು ಎಂದುಕೊಳ್ಳಿ. ಇದೇನೂ ಭಾರೀ ಹೊಡೆತವಲ್ಲ. ಪಳಗಿದ ಆಟಗಾರರ ಹೊಡೆತ 100 ಕಿಲೋಮೀಟರ್ ದಾಟುತ್ತದೆ. 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಐದು ಮೀಟರ್ ದೂರದಲ್ಲಿ ನಿಂತ ಮಗುವನ್ನು ಆ ಚೆಂಡು ತಲುಪಲು ಬೇಕಾಗುವುದು ಕಾಲು ಸೆಕೆಂಡ್.

ಈಗ ಮಗುವಿನ ಕಡೆಯಿಂದ ನೋಡಿ. ದೀಪ ಹೊತ್ತಿಕೊಂಡ ತಕ್ಷಣ ಗುಂಡಿ ಒತ್ತುವಂಥ ಸರಳ ಪರೀಕ್ಷೆಯಲ್ಲೂ ಆರೋಗ್ಯವಂತ ಯುವಕರಿಗೆ ಸುಮಾರು 0.2ರಿಂದ 0.25 ಸೆಕೆಂಡ್ ಬೇಕು. ಎಂಟು–ಹತ್ತು ವರ್ಷದ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಹಿಡಿಯುತ್ತದೆ. ಅಂಕಣದಲ್ಲಿ ಗುಂಡಿ ಒತ್ತಿದರೆ ಸಾಲದು. ಚೆಂಡು ಎತ್ತ ಬರುತ್ತಿದೆ ಎಂದು ಗುರುತಿಸಬೇಕು, ಸ್ಟಿಕ್ ತಿರುಗಿಸಬೇಕು ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಅಷ್ಟರಲ್ಲಿ ಚೆಂಡು ಬಂದು ಬಡಿದಾಗಿರುತ್ತದೆ. "ನೋಡಿಕೊಂಡು ಆಡು" ಎಂದು ಗದರಿ ಪ್ರಯೋಜನವಿಲ್ಲ. ನೋಡಿ ತಪ್ಪಿಸಿಕೊಳ್ಳುವಷ್ಟು ಸಮಯವೇ ಅಲ್ಲಿ ಇರಲಿಲ್ಲ.

ಐದು ಮೀಟರ್ ಒಳಗಿರುವ ಎದುರಾಳಿಯತ್ತ ಚೆಂಡನ್ನು ಫ್ಲಿಕ್ ಅಥವಾ ಸ್ಕೂಪ್ ಮಾಡಿ ಎತ್ತುವುದು ಅಪಾಯಕಾರಿ ಆಟ ಎಂದು ಅಂತರರಾಷ್ಟ್ರೀಯ ಹಾಕಿ ನಿಯಮಗಳೇ ಹೇಳುತ್ತವೆ. ಆ ನಿಯಮ ವಯಸ್ಕರಿಗೂ ಅನ್ವಯ. ಹಾಗಿರುವಾಗ ಮಕ್ಕಳ ನಡುವೆ ಆಡುವವರು ಅದಕ್ಕಿಂತ ಹೆಚ್ಚಿನ ಅಂತರ ಇಟ್ಟುಕೊಳ್ಳುವುದು ಒಳ್ಳೆಯದು.

ವೇಗ ಅರ್ಧ, ಪೆಟ್ಟು ಕಾಲುಭಾಗ

ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 160 ಗ್ರಾಂ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದರೆ ಅದರ ಶಕ್ತಿ 32 ಜೂಲ್. ಒಂದು ಕಿಲೋ ತೂಕದ ಕಲ್ಲು ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದಿಂದ ಬಿದ್ದಷ್ಟು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿ 8 ಜೂಲ್‌ಗೆ, ಅಂದರೆ ಕಾಲುಭಾಗಕ್ಕೆ ಇಳಿಯುತ್ತದೆ. ಜೊತೆಗೆ ಮಗುವಿಗೆ ಸಿಗುವ ಸಮಯ ಎರಡು ಪಟ್ಟಾಗುತ್ತದೆ.

ದೊಡ್ಡವರು ಸ್ಟಿಕ್ ಬೀಸಿ ಹೊಡೆಯುವುದನ್ನು ಬಿಟ್ಟು ನೆಲಕ್ಕೆ ತಾಗಿಸಿಕೊಂಡೇ ಪುಶ್ ಮಾಡಿದರೆ ಸಿಗುವ ಲಾಭ ಇದು. ಬೀಸಿದ ಸ್ಟಿಕ್ ಮಗುವಿನ ಮುಖದ ಎತ್ತರಕ್ಕೆ ಬರುವ ಅಪಾಯವೂ ತಪ್ಪುತ್ತದೆ.

ಡಿಕ್ಕಿಯ ವಿಷಯವೂ ಹೀಗೆಯೇ. 75 ಕಿಲೋ ತೂಕದವರು 30 ಕಿಲೋ ತೂಕದ ಮಗುವಿಗೆ ಢಿಕ್ಕಿ ಹೊಡೆದರೆ ಹಾರಿ ಬೀಳುವುದು ಯಾರು ಎಂದು ಹೇಳಬೇಕಿಲ್ಲ. ಇದರ ಜೊತೆ ಇನ್ನೊಂದು ಸಂಗತಿ ನೆನಪಿಡಬೇಕು. ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಗ್ರೋತ್ ಪ್ಲೇಟ್ ಎಂಬ ಮೃದುವಾದ ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಅದು ಸುತ್ತಲಿನ ಅಸ್ಥಿರಜ್ಜುಗಳಿಗಿಂತ ದುರ್ಬಲ. ಹಾಗಾಗಿ ದೊಡ್ಡವರಿಗೆ ಬರೀ ಉಳುಕು ಎನಿಸುವ ಪೆಟ್ಟು ಮಗುವಿಗೆ ಮೂಳೆ ಮುರಿತವಾಗಬಹುದು. "ಎಣ್ಣೆ ಹಚ್ಚಿ ತಿಕ್ಕಿದರೆ ಸರಿಹೋಗುತ್ತೆ" ಎಂದು ಸುಮ್ಮನಾಗುವಂತಿಲ್ಲ. ಊತ ಇಳಿಯದಿದ್ದರೆ, ಕಾಲೂರಲು ಆಗದಿದ್ದರೆ, ಗಂಟಿನ ಬಳಿ ಮೂಳೆ ಮುಟ್ಟಿದರೆ ನೋವಾಗುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಹಾಗಾದರೆ ಲಾಭ ಏನು?

ಅಂಕಣದ ಹೊರಗೆ ನಿಂತು "ಎಡಗಡೆ ಕೊಡು, ಎಡಗಡೆ!" ಎಂದು ಕೂಗುವುದಕ್ಕೂ, ಒಳಗೆ ಬಂದು ಎಡಗಡೆ ಖಾಲಿ ಜಾಗದಲ್ಲಿ ನಿಂತು ಚೆಂಡು ಕೇಳುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಮಗು ಆ ಜಾಗವನ್ನು ತಾನೇ ಕಾಣುತ್ತದೆ. ಒಬ್ಬರೇ ಮಾಡಲಾಗದ, ಆದರೆ ಸ್ವಲ್ಪ ಆಸರೆ ಸಿಕ್ಕರೆ ಮಾಡಬಹುದಾದ ಕೆಲಸದಲ್ಲೇ ಕಲಿಕೆ ಚೆನ್ನಾಗಿ ನಡೆಯುತ್ತದೆ ಎಂದು ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ವಾದಿಸಿದ್ದರು. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಇಂಥ ಆಸರೆಯನ್ನು ಮನೆ ಕಟ್ಟುವಾಗ ನಿಲ್ಲಿಸುವ ಸಾರುವೆಗೆ ಹೋಲಿಸಿದರು. ಗೋಡೆ ನಿಂತ ಮೇಲೆ ಸಾರುವೆ ಬಿಚ್ಚಬೇಕು. ಬಿಚ್ಚದಿದ್ದರೆ ಅದು ಅಡ್ಡಿ.

ಅಂಕಣದಲ್ಲಿ ಎಡವುವುದು ಇಲ್ಲೇ. ದೊಡ್ಡವರು ನಾಲ್ಕು ಮಕ್ಕಳನ್ನು ಡ್ರಿಬಲ್ ಮಾಡಿ ಗೋಲು ಹೊಡೆದರೆ ನೋಡಲು ಚೆನ್ನ. ಆದರೆ ಆ ಹೊತ್ತಿನಲ್ಲಿ ಮಕ್ಕಳ ಸ್ಟಿಕ್‌ಗೆ ಚೆಂಡು ಒಮ್ಮೆಯೂ ತಾಗಿರುವುದಿಲ್ಲ. ಆಟದುದ್ದಕ್ಕೂ ಸೂಚನೆ ಕೊಡುತ್ತಲೇ ಇರುವುದೂ ಅಷ್ಟೇ. ಪ್ರತಿ ಸಲವೂ ತಿದ್ದುವವರಿದ್ದರೆ ಆ ಹೊತ್ತಿಗೆ ಆಟ ಸುಧಾರಿಸಿದಂತೆ ಕಾಣುತ್ತದೆ, ಅವರು ಇಲ್ಲದಾಗ ಕುಸಿಯುತ್ತದೆ. ದೈಹಿಕ ಕೌಶಲಗಳ ಕಲಿಕೆಯ ಬಗ್ಗೆ 1984ರಲ್ಲಿ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಬರೆದ ವಿಮರ್ಶೆ ಎತ್ತಿ ತೋರಿಸಿದ ಅಪಾಯ ಇದು. ಯಾರಿಗೆ ಪಾಸ್ ಕೊಡಲಿ ಎಂದು ಯೋಚಿಸಲು ಮಗುವಿಗೆ ಎರಡು ಸೆಕೆಂಡ್ ಬೇಕು. ಆ ಎರಡು ಸೆಕೆಂಡನ್ನು ನಾವು ಕೂಗಿ ಕಿತ್ತುಕೊಳ್ಳಬಾರದು.

ಕೊಡಗಿನ ಉದಾಹರಣೆ ಏನು ಹೇಳುತ್ತದೆ?

"ಕೊಡಗಿನಲ್ಲಿ ತಾತನ ಜೊತೆ ಮೊಮ್ಮಗಳೂ ಆಡುತ್ತಾಳೆ, ಅದಕ್ಕೇ ಅಲ್ಲಿ ಅಷ್ಟು ಆಟಗಾರರು" ಎಂಬ ಮಾತು ಕೇಳಿರುತ್ತೀರಿ. ಮೊದಲ ಭಾಗ ನಿಜ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೇ ಮನೆತನದ ಹಿರಿಯರು, ಹೆಂಗಸರು, ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಭಾಗವಹಿಸಿದ್ದವು.

ಎರಡನೇ ಭಾಗಕ್ಕೆ ಇಸವಿಗಳೇ ಅಡ್ಡ ಬರುತ್ತವೆ. ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ನಾಯಕರಾಗಿದ್ದರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಇವೆಲ್ಲ ಉತ್ಸವಕ್ಕಿಂತ ಎಷ್ಟೋ ವರ್ಷ ಮೊದಲಿನ ಮಾತು. ಉತ್ಸವ ಆಟಗಾರರನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಆಗಲೇ ಇದ್ದ ಹಾಕಿ ಪ್ರೀತಿ ಉತ್ಸವವನ್ನು ಹುಟ್ಟಿಸಿತು ಎನ್ನುವುದು ಸರಿ. ಅದು ಮಗುವಿಗೆ ಕೊಡುವುದು ಬೇರೆಯೇ: ಈ ಆಟ ನಮ್ಮ ಮನೆಯದು ಎಂಬ ಭಾವನೆ. ಅದೂ ಸಣ್ಣದೇನಲ್ಲ. ಆದರೆ ದೊಡ್ಡವರ ಗಟ್ಟಿ ಹೊಡೆತ ತಿಂದೇ ಮಕ್ಕಳು ಬೆಳೆಯಬೇಕು ಎನ್ನುವುದಕ್ಕೆ ಅದು ಪುರಾವೆಯಲ್ಲ.

ಅಂಕಣಕ್ಕೆ ಇಳಿಯುವ ದೊಡ್ಡವರಿಗೆ

• ಪುಶ್ ಮಾತ್ರ, ಹಿಟ್ ಬೇಡ. ಚೆಂಡು ನೆಲ ಬಿಟ್ಟು ಏಳಬಾರದು.
• ಟ್ಯಾಕಲ್ ಮಾಡಬೇಡಿ. ಯಾವ ತಂಡದ ಬಳಿ ಚೆಂಡಿದೆಯೋ ಆ ತಂಡದ ಪರ ಆಡಿ. ಆಗ ಡಿಕ್ಕಿಯ ಸಂದರ್ಭಗಳೇ ಕಡಿಮೆಯಾಗುತ್ತವೆ.
• ಎರಡು ಮೂರು ಸ್ಪರ್ಶದಲ್ಲಿ ಚೆಂಡು ಬಿಟ್ಟುಕೊಡಿ. ಗೋಲು ಹೊಡೆಯುವುದು ಮಕ್ಕಳ ಕೆಲಸ.
• ಮಾತೆಲ್ಲ ವಿರಾಮದಲ್ಲಿ. ಆಟ ಸಾಗುತ್ತಿರುವಾಗ ಅಪಾಯವಿದ್ದರೆ ಮಾತ್ರ ಕೂಗಿ.
• ಇನ್ನೊಬ್ಬ ವಯಸ್ಕರು ಹೊರಗೆ ನಿಂತು ಪೂರ್ತಿ ಅಂಕಣವನ್ನು ನೋಡುತ್ತಿರಲಿ. ಆಡುವವರಿಗೆ ಬೆನ್ನ ಹಿಂದೆ ಬಿದ್ದ ಮಗು ಕಾಣುವುದಿಲ್ಲ.
• ಅಭ್ಯಾಸವಾದರೂ ಶಿನ್‌ಗಾರ್ಡ್, ಮೌತ್‌ಗಾರ್ಡ್ ಇರಲೇಬೇಕು. "ಮುಂದೆ ಬೆಳೀತಾನಲ್ಲ" ಎಂದು ಉದ್ದದ ಸ್ಟಿಕ್ ಕೊಡಿಸಬೇಡಿ. ಅದನ್ನು ಹತೋಟಿಯಲ್ಲಿಡಲು ಮಗುವಿಗೆ ಆಗುವುದಿಲ್ಲ.

ತಲೆಗೆ ಪೆಟ್ಟು ಬಿದ್ದರೆ?

"ಪ್ರಜ್ಞೆ ತಪ್ಪಿಲ್ಲ ತಾನೇ, ಏನೂ ಆಗಿಲ್ಲ" ಎನ್ನುವುದು ಅತ್ಯಂತ ಅಪಾಯಕಾರಿ ನಂಬಿಕೆ. ಕನ್ಕಷನ್ ಎಂದು ಕರೆಯುವ ಮಿದುಳಿನ ಪೆಟ್ಟಿನಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಕವಿದಂತಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಕಾರಣವಿಲ್ಲದೆ ಸಿಡುಕುವುದು — ಇವುಗಳಲ್ಲಿ ಒಂದು ಕಂಡರೂ ಮಗುವನ್ನು ಆಟದಿಂದ ಹೊರಗೆ ಕರೆತನ್ನಿ. ಆ ದಿನ ಮತ್ತೆ ಆಡಿಸಬೇಡಿ. ವೈದ್ಯರು ಒಪ್ಪಿದ ಮೇಲೆಯೇ ಆಟಕ್ಕೆ ಮರಳಲಿ. ಪದೇಪದೇ ವಾಂತಿ, ಹೆಚ್ಚುತ್ತಲೇ ಇರುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕೈಕಾಲಿನಲ್ಲಿ ಬಲವಿಲ್ಲದಿರುವುದು ಕಂಡರೆ ಅಥವಾ ಪ್ರಜ್ಞೆಯೇ ತಪ್ಪಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ನಿಮ್ಮ ಮಗುವಿನ ಕ್ಲಬ್‌ನಲ್ಲಿ ದೊಡ್ಡವರೂ ಆಡುತ್ತಿದ್ದರೆ ಒಂದು ಸಂಜೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಆ ಹತ್ತು ನಿಮಿಷದಲ್ಲಿ ಚೆಂಡು ಮಕ್ಕಳ ಸ್ಟಿಕ್‌ಗೆ ಎಷ್ಟು ಸಲ ತಾಗಿತು, ದೊಡ್ಡವರ ಸ್ಟಿಕ್ ಸೊಂಟದಿಂದ ಮೇಲೆ ಎಷ್ಟು ಸಲ ಎದ್ದಿತು ಎಂದು ಎಣಿಸಿ. ಮೊದಲನೆಯದು ಹೆಚ್ಚಿದ್ದು ಎರಡನೆಯದು ಸೊನ್ನೆಯಾಗಿದ್ದರೆ ಮಗುವನ್ನು ನಿಶ್ಚಿಂತೆಯಿಂದ ಕಳಿಸಬಹುದು. ಇಲ್ಲದಿದ್ದರೆ ಕೋಚ್ ಜೊತೆ ಮಾತನಾಡಿ. ಕೇಳುವುದರಲ್ಲಿ ಸಂಕೋಚ ಬೇಡ.