ಕೃತಕ ಕಾಲಿನಲ್ಲಿ ಕವಾಯತು

1971ರ ಡಿಸೆಂಬರ್, ಭಾರತ–ಪಾಕಿಸ್ತಾನ ಯುದ್ಧದ ಸಮಯ. ಇಂದಿನ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಐದನೇ ಗೂರ್ಖಾ ರೈಫಲ್ಸ್‌ನ ಮೇಜರ್ ಇಯಾನ್ ಕಾರ್ಡೋಜೊ ನೆಲಬಾಂಬಿನ ಮೇಲೆ ಕಾಲಿಟ್ಟರು. ಕಾಲು ಛಿದ್ರವಾಗಿ ನೇತಾಡುತ್ತಿತ್ತು. ನೋವು ಅಡಗಿಸಲು ಮಾರ್ಫಿನ್ ಇರಲಿಲ್ಲ, ಶಸ್ತ್ರಚಿಕಿತ್ಸೆಯ ಸಲಕರಣೆಯೂ ಇರಲಿಲ್ಲ. ತಮ್ಮ ಬಾಗುಕತ್ತಿ ಖುಕ್ರಿಯನ್ನು ತರಿಸಿ, ಕಾಲನ್ನು ಕಡಿದುಹಾಕುವಂತೆ ಜೊತೆಗಿದ್ದ ಗೂರ್ಖಾ ಯೋಧನಿಗೆ ಹೇಳಿದರು. ಅವನಿಗೆ ಕೈ ಬರಲಿಲ್ಲ. ಕೊನೆಗೆ ತಾವೇ ಕಡಿದುಕೊಂಡರು. ಆಮೇಲೆ ಅವರಿಗೆ ಕ್ರಮಬದ್ಧ ಶಸ್ತ್ರಚಿಕಿತ್ಸೆ ಮಾಡಿದ್ದು ಸೆರೆಸಿಕ್ಕಿದ್ದ ಪಾಕಿಸ್ತಾನಿ ಸೇನೆಯ ವೈದ್ಯ ಮೇಜರ್ ಮೊಹಮ್ಮದ್ ಬಶೀರ್.

ಈ ಘಟನೆಯನ್ನು ಬಹಳ ಮಂದಿ ಕೇಳಿದ್ದಾರೆ, ಹೇಳಿದ್ದಾರೆ. ಅದರ ಮುಂದಿನ ಭಾಗಕ್ಕೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಅದೇ ಕಾರ್ಡೋಜೊ ಸೇನೆಯಲ್ಲೇ ಉಳಿದರು. ಯುದ್ಧದಲ್ಲಿ ಅಂಗ ಕಳೆದುಕೊಂಡ ಮೇಲೂ ಪದಾತಿದಳದ ಬೆಟಾಲಿಯನ್ನನ್ನೂ ಆಮೇಲೆ ಬ್ರಿಗೇಡನ್ನೂ ಮುನ್ನಡೆಸಿದ ಭಾರತದ ಮೊದಲ ಅಧಿಕಾರಿಯಾದರು. ಮೇಜರ್ ಜನರಲ್ ಆಗಿ ನಿವೃತ್ತರಾದರು. ಖುಕ್ರಿ ಎತ್ತಿದ ಗಳಿಗೆಗೆ ಎದೆಗಾರಿಕೆ ಸಾಕಿತ್ತು. ಆಮೇಲಿನ ವರ್ಷಗಳ ಸೇವೆಗೆ ಎದೆಗಾರಿಕೆಯ ಜೊತೆಗೆ ಚರ್ಮ, ಮೂಳೆ, ನರ, ಮಿದುಳು ಎಲ್ಲವೂ ಸಹಕರಿಸಬೇಕಿತ್ತು. ಸೇನೆಯ ನಿಯಮಪುಸ್ತಕವೂ ಒಪ್ಪಬೇಕಿತ್ತು. ಗಾಯಾಳು ಯೋಧ ಮರಳಿ ಸಮವಸ್ತ್ರ ತೊಟ್ಟಾಗ ನಾವು ಅವನ ಮನೋಬಲವನ್ನಷ್ಟೇ ಕೊಂಡಾಡುತ್ತೇವೆ. ಆ ಮನೋಬಲಕ್ಕೆ ಕಾಲೂರಲು ನೆಲ ಒದಗಿಸುವುದು ವಿಜ್ಞಾನ. ಆ ವಿಜ್ಞಾನ ಕೈಗೆಟುಕಿದರೆ ಮರಳಿ ಬರುವುದು ಪವಾಡವಾಗಿ ಉಳಿಯಬೇಕಿಲ್ಲ.

ಹೊಲಿಯದೆ ಬಿಟ್ಟ ಗಾಯ

ಅಮೆರಿಕದ ಎಂ-14 ಎಂಬ ಪುಟ್ಟ ನೆಲಬಾಂಬಿನಲ್ಲಿರುವ ಸಿಡಿಮದ್ದು ಕೇವಲ 29 ಗ್ರಾಂ. ಕೊಲ್ಲುವುದಕ್ಕಿಂತ ಕಾಲು ಕೀಳುವುದೇ ಇಂಥ ಬಾಂಬುಗಳ ಉದ್ದೇಶ. ಸ್ಫೋಟದ ಅಲೆ ಪಾದವನ್ನು ಸೀಳುವುದರ ಜೊತೆಗೆ ಮಣ್ಣು, ಹುಲ್ಲು, ಬೂಟಿನ ಚೂರು, ಬಟ್ಟೆಯ ಎಳೆಗಳನ್ನು ಮಾಂಸಖಂಡಗಳ ನಡುವಿನ ಪದರಗಳೊಳಗೆ ಮೇಲಕ್ಕೆ ನುಗ್ಗಿಸುತ್ತದೆ. ಹೊರಗಿನಿಂದ ಪಾದ ಮಾತ್ರ ಹೋದಂತೆ ಕಂಡರೂ ಒಳಗಿನ ಕೊಳಕು ಮೀನಖಂಡದ ಮೇಲಿನವರೆಗೂ ಹತ್ತಿರುತ್ತದೆ.

ಹಾಗಾಗಿ ಯುದ್ಧಭೂಮಿಯ ಶಸ್ತ್ರವೈದ್ಯರು ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಚೆನ್ನಾಗಿ ತೊಳೆದು, ಗಾಯವನ್ನು ಹೊಲಿಯದೆ ತೆರೆದೇ ಬಿಡುತ್ತಾರೆ. ನಾಲ್ಕೈದು ದಿನ ಕಾದು, ಕೀವಾಗಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಹೊಲಿಗೆ. ಅವಸರದಲ್ಲಿ ಮುಚ್ಚಿದ ಗಾಯ ಒಳಗೇ ಕೊಳೆತು, ಇನ್ನೂ ಮೇಲಕ್ಕೆ ಕತ್ತರಿಸಬೇಕಾಗುತ್ತದೆ. ಮೊದಲನೇ ಮಹಾಯುದ್ಧದ ಕೆಸರುಗುಂಡಿಗಳಲ್ಲಿ ಸಾವಿರಾರು ಸೈನಿಕರ ಜೀವ ತೆತ್ತು ಕಲಿತ ಪಾಠವಿದು.

ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನದಲ್ಲಿ ಯೋಧನ ಮುಂದಿನ ಬದುಕು ಅಡಗಿದೆ. ಎಲ್ಲಕ್ಕಿಂತ ಮೊದಲು ಮೊಣಕಾಲನ್ನು ಉಳಿಸಲು ವೈದ್ಯರು ಹೋರಾಡುತ್ತಾರೆ. ಮೊಣಕಾಲಿದ್ದರೆ ಮೆಟ್ಟಿಲು ಹತ್ತಬಹುದು, ಕೂತು ಏಳಬಹುದು, ಇಳಿಜಾರಿನಲ್ಲಿ ದೇಹವನ್ನು ತಡೆದು ನಿಲ್ಲಿಸಬಹುದು. ಕತ್ತರಿಸಿದ ಮೂಳೆಯ ತುದಿಗೆ ಮಾಂಸಖಂಡವನ್ನು ಹೊದಿಸಿ ಹೊಲಿಯುವುದು ಇನ್ನೊಂದು ನಾಜೂಕಿನ ಕೆಲಸ. ತುಂಡಾದ ನರದ ತುದಿ ಬೆಳೆಯಲು ದಾರಿ ಹುಡುಕುತ್ತಾ ಗಂಟಾಗಿ ಸುತ್ತಿಕೊಳ್ಳುತ್ತದೆ. ಆ ಗಂಟಿನ ಮೇಲೆ ಭಾರ ಬಿದ್ದರೆ ಕರೆಂಟು ಹೊಡೆದಂಥ ನೋವು. ಈಗ ಆ ನರವನ್ನು ಹತ್ತಿರದ ಮಾಂಸಖಂಡದ ಪುಟ್ಟ ನರಕ್ಕೆ ಜೋಡಿಸಿ, ಬೆಳೆಯಲು ಅದಕ್ಕೊಂದು ಗುರಿ ತೋರಿಸುವ ವಿಧಾನ ಬಂದಿದೆ. ಸ್ಫೋಟದ ಗಾಯಗಳಲ್ಲಿ ಮತ್ತೊಂದು ಕಾಟವೂ ಇದೆ: ಮಾಂಸದೊಳಗೆ, ಇರಬಾರದ ಜಾಗದಲ್ಲಿ, ಹೊಸ ಮೂಳೆ ಬೆಳೆಯುತ್ತದೆ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕೈಕಾಲು ಕಳೆದುಕೊಂಡ ಅಮೆರಿಕದ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇದು ಕಂಡುಬಂತು. ಕೆಲವರಿಗೆ ಅದನ್ನು ಕೊರೆದು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕಾಯಿತು.

ಎಲ್ಲ ಭಾರವೂ ಸಾಕೆಟ್ಟಿನ ಮೇಲೆ

ಅಂಗಾಲಿನ ಚರ್ಮ ದಪ್ಪ. ಅದರಡಿಯಲ್ಲಿ ಕೊಬ್ಬಿನ ಮೆತ್ತೆಯಿದೆ. ಇಡೀ ದೇಹದ ಭಾರ ಹೊರುವುದಕ್ಕೆಂದೇ ಅದು ಹಾಗೆ ಬೆಳೆದಿದೆ. ಮೊಣಕಾಲಿನ ಕೆಳಗಿನ ತೆಳು ಚರ್ಮಕ್ಕೆ ಆ ಅಭ್ಯಾಸವಿಲ್ಲ. ಕೃತಕ ಕಾಲು ತೊಟ್ಟವರ ಭಾರವೆಲ್ಲ ಆ ಚರ್ಮದ ಮೇಲೆ ಬೀಳುತ್ತದೆ. ಅಲ್ಲಿ ಭಾರವನ್ನು ಹಂಚುವ ಗಟ್ಟಿ ಬಟ್ಟಲೇ ಸಾಕೆಟ್. ಮಂಡಿಚಿಪ್ಪಿನ ಕೆಳಗಿನ ದಪ್ಪ ಸ್ನಾಯುರಜ್ಜು ಒತ್ತಡ ತಾಳಬಲ್ಲದು; ಮುಂಗಾಲಿನ ಮೂಳೆಯ ಚೂಪು ಅಂಚು ತಾಳಲಾರದು. ಒಳ್ಳೆಯ ಸಾಕೆಟ್ ಮೊದಲನೆಯದರ ಮೇಲೆ ಒತ್ತಿ, ಎರಡನೆಯದಕ್ಕೆ ಜಾಗ ಬಿಟ್ಟಿರುತ್ತದೆ. ಪ್ರತಿಯೊಬ್ಬರ ಕಾಲಿನ ಅಚ್ಚು ತೆಗೆದು, ಉಜ್ಜಿ, ತಿದ್ದಿ ಅವರವರಿಗೇ ಮಾಡುವ ವಸ್ತುವಿದು.

ಅಷ್ಟು ಮಾಡಿದರೂ ಕತೆ ಮುಗಿಯದು. ಬೆಳಿಗ್ಗೆ ಸರಿಯಾಗಿ ಕೂತ ಸಾಕೆಟ್ ಮಧ್ಯಾಹ್ನದ ಹೊತ್ತಿಗೆ ಸಡಿಲವಾಗುತ್ತದೆ, ಏಕೆಂದರೆ ನಡೆದಂತೆಲ್ಲ ಕಾಲಿನ ತುದಿಯ ದ್ರವ ಹಿಂಡಿ ಹೋಗಿ ಅದರ ಗಾತ್ರ ಕುಗ್ಗುತ್ತದೆ. ಆಗ ಯೋಧ ಕುಳಿತು ಕಾಲು ಬಿಚ್ಚಿ, ಬೆವರಿನಿಂದ ತೊಯ್ದ ಸಿಲಿಕೋನ್ ಲೈನರನ್ನು ಒರೆಸಿ, ಅದರ ಮೇಲೆ ಇನ್ನೊಂದು ಕಾಲುಚೀಲ ಏರಿಸಿ ಮತ್ತೆ ತೊಡಬೇಕು. ಹೊಸ ಚಪ್ಪಲಿ ಕಚ್ಚಿದರೆ ನಾವು ಎರಡು ದಿನ ಅದನ್ನು ಮೂಲೆಗಿಟ್ಟು ಬರಿಗಾಲಲ್ಲಿ ಓಡಾಡಿಬಿಡುತ್ತೇವೆ. ಸಾಕೆಟ್ ಕಚ್ಚಿದರೆ ಆ ಯೋಧ ಮಂಚದಿಂದ ಇಳಿಯುವಂತಿಲ್ಲ. ಕಾಸಿನಗಲದ ಹುಣ್ಣೊಂದು ಎಂಥ ಗಟ್ಟಿಗನನ್ನೂ ಕರ್ತವ್ಯದಿಂದ ಹೊರಗಿಡುತ್ತದೆ.

ಭಾರತದ ಯೋಧರಿಗೆ ಈ ಕೆಲಸ ಮಾಡಿಕೊಡುವ ಮುಖ್ಯ ತಾಣ ಪುಣೆಯ ಕೃತಕ ಅಂಗ ಕೇಂದ್ರ. ಎರಡನೇ ಮಹಾಯುದ್ಧದ ಗಾಯಾಳುಗಳಿಗಾಗಿ 1944ರಲ್ಲಿ ಶುರುವಾದ ಸಂಸ್ಥೆಯದು. ಅಚ್ಚು ತೆಗೆಯುವುದರಿಂದ ಹಿಡಿದು ನಡಿಗೆ ಕಲಿಸುವವರೆಗೆ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತದೆ.

ನಡಿಗೆಯ ಲೆಕ್ಕಾಚಾರ

ನಡೆಯುವಾಗ ದೇಹವನ್ನು ಮುಂದಕ್ಕೆ ತಳ್ಳುವ ಬಲದಲ್ಲಿ ದೊಡ್ಡ ಪಾಲು ಹಿಮ್ಮಡಿ ಎತ್ತುವ ಮೀನಖಂಡದ್ದು. ಪಾದ ಹೋದವರಿಗೆ ಆ ತಳ್ಳು ಇಲ್ಲ. ಸೊಂಟ ಮತ್ತು ತೊಡೆಗಳು ಅದರ ಕೆಲಸವನ್ನೂ ಹೊರಬೇಕು. ಗಾಯದಿಂದ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ಅಷ್ಟೇ ದೂರ ನಡೆಯಲು ಸುಮಾರು ಶೇ 25ರಷ್ಟು ಹೆಚ್ಚು ಶಕ್ತಿ ವ್ಯಯಿಸುತ್ತಾರೆ ಎಂದು ಹಳೆಯ ಅಳತೆಗಳು ತೋರಿಸಿವೆ. ಮೊಣಕಾಲೂ ಹೋದರೆ ಆ ಹೆಚ್ಚಳ ಶೇ 60 ದಾಟುತ್ತದೆ. ಬೆನ್ನಿಗೆ ಮೂಟೆ, ಕೈಗೆ ಬಂದೂಕು ಸೇರಿಸಿದರೆ ಒಂದು ಮೊಣಕಾಲಿನ ಬೆಲೆ ಏನೆಂದು ತಿಳಿಯುತ್ತದೆ.

ಈ ಲೆಕ್ಕವನ್ನು ಬದಲಿಸಿದ್ದು ಎರಡು ಸಂಗತಿಗಳು. ಒಂದು, 1980ರ ದಶಕದಲ್ಲಿ ಅಮೆರಿಕದ ವ್ಯಾನ್ ಫಿಲಿಪ್ಸ್ ರೂಪಿಸಿದ ಕಾರ್ಬನ್ ಫೈಬರ್ ಪಾದ. ಅವರು ಸ್ವತಃ ಒಂದು ಪಾದ ಕಳೆದುಕೊಂಡವರು. ಭಾರ ಬಿದ್ದಾಗ ಬಾಗಿ, ಹೆಜ್ಜೆ ಎತ್ತುವಾಗ ಚಿಮ್ಮಿ, ಹೀರಿಕೊಂಡ ಶಕ್ತಿಯ ಬಹುಪಾಲನ್ನು ಆ ಪಾದ ಹಿಂದಿರುಗಿಸುತ್ತದೆ. ಎರಡು, ತರಬೇತಿ. ಮೊಣಕಾಲು ಉಳಿದಿರುವ, ಎಳೆವಯಸ್ಸಿನ, ಕಟ್ಟುನಿಟ್ಟಾಗಿ ತರಬೇತಾದ ಅಮೆರಿಕದ ಸೈನಿಕರನ್ನು ಅಳೆದಾಗ, ಸಮತಟ್ಟು ನೆಲದ ನಡಿಗೆಯಲ್ಲಿ ಅವರು ವ್ಯಯಿಸುವ ಶಕ್ತಿ ಎರಡೂ ಕಾಲಿರುವವರಿಗೆ ಹೆಚ್ಚುಕಡಿಮೆ ಸಮನಾಗಿತ್ತು. ಹಳೆಯ ಶೇ 25ರ ನಷ್ಟವನ್ನು ಹಣೆಬರಹವೆಂದು ಒಪ್ಪಿಕೊಳ್ಳಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮೊಣಕಾಲು ಇಲ್ಲದವರಿಗಾಗಿ 1997ರಲ್ಲಿ ಜರ್ಮನಿಯ ಒಟ್ಟೊ ಬಾಕ್ ಸಂಸ್ಥೆ ಪುಟ್ಟ ಕಂಪ್ಯೂಟರ್ ಇರುವ ಸಿ-ಲೆಗ್ ತಂದಿತು. ಅದರ ಸಂವೇದಕಗಳು ಕ್ಷಣಕ್ಷಣಕ್ಕೂ ಕಾಲಿನ ಕೋನ, ಭಾರ ಅಳೆದು, ಎಡವಿದಾಗ ಮಂಡಿ ತಟ್ಟನೆ ಮಡಚಿಹೋಗದಂತೆ ಬಿಗಿಹಿಡಿಯುತ್ತವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ ಕೂಡ ಇಂಥದೊಂದು ಮೊಣಕಾಲನ್ನು ಅಭಿವೃದ್ಧಿಪಡಿಸಿರುವುದಾಗಿ 2022ರಲ್ಲಿ ಪ್ರಕಟಿಸಿತು. 2025ರಲ್ಲಿ ಡಿಆರ್‌ಡಿಒ ಮತ್ತು ತೆಲಂಗಾಣದ ಬೀಬೀನಗರದ ಏಮ್ಸ್ ಸೇರಿ, 125 ಕಿಲೋ ಭಾರಕ್ಕೆ ಪರೀಕ್ಷಿಸಿದ ದೇಶೀ ಕಾರ್ಬನ್ ಪಾದವನ್ನು ಹೊರತಂದವು. ವಿದೇಶಿ ಪಾದಕ್ಕೆ ಲಕ್ಷಗಟ್ಟಲೆ ಸುರಿಯಬೇಕಾದಲ್ಲಿ, ಇದರ ತಯಾರಿಕೆಯ ವೆಚ್ಚ 20,000 ರೂಪಾಯಿಯೊಳಗೆ ಮುಗಿಯುವ ನಿರೀಕ್ಷೆಯಿದೆ.

ಇಲ್ಲದ ಕಾಲಿನ ನೋವು

ಕತ್ತರಿಸಿಹೋದ ಪಾದದ ಬೆರಳು ಉರಿಯುತ್ತದೆ, ಇಲ್ಲದ ಹಿಮ್ಮಡಿ ಸೆಳೆಯುತ್ತದೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ಕಂಡ ವೈದ್ಯ ಸೈಲಸ್ ವೇರ್ ಮಿಚೆಲ್ 1871ರಲ್ಲಿ ಇದಕ್ಕೆ ಮಾಯಾ ಅಂಗ ಎಂಬ ಅರ್ಥದ ಹೆಸರಿಟ್ಟರು. ಕಾಲು ಹೋದರೂ ಮಿದುಳಿನಲ್ಲಿರುವ ಕಾಲಿನ ನಕ್ಷೆ ಅಳಿಯುವುದಿಲ್ಲ. ಮಿದುಳು ಆಜ್ಞೆ ಕಳಿಸುತ್ತಲೇ ಇರುತ್ತದೆ, ಉತ್ತರ ಮಾತ್ರ ಬರುವುದಿಲ್ಲ.

1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಇದಕ್ಕೊಂದು ಸರಳ ಉಪಾಯ ಕಂಡುಕೊಂಡರು. ಎರಡು ಕಾಲುಗಳ ನಡುವೆ ನಿಲುಗನ್ನಡಿ ಇಟ್ಟು, ಇರುವ ಕಾಲನ್ನು ಅದರಲ್ಲಿ ನೋಡುತ್ತಾ ಎರಡನ್ನೂ ಆಡಿಸುತ್ತಿದ್ದೇನೆಂದು ಭಾವಿಸಿ ಆಡಿಸಬೇಕು. ಹೋದ ಕಾಲು ಮರಳಿ ಆಡುತ್ತಿರುವಂತೆ ಕಣ್ಣು ಮಿದುಳಿಗೆ ವರದಿ ಕೊಡುತ್ತದೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ನಾಲ್ಕು ವಾರ ಹೀಗೆ ಕನ್ನಡಿ ನೋಡಿದ ಗಾಯಾಳುಗಳೆಲ್ಲರೂ ನೋವು ಇಳಿಯಿತೆಂದರು ಎಂದು 2007ರ ಪುಟ್ಟ ಅಧ್ಯಯನವೊಂದು ವರದಿ ಮಾಡಿತು. ಎಲ್ಲರಿಗೂ ಇದು ಒಗ್ಗುವುದಿಲ್ಲ, ನಿಜ. ಆದರೆ ರಾತ್ರಿ ನಿದ್ದೆ ಬಂದವನಷ್ಟೇ ಬೆಳಿಗ್ಗೆ ಎದ್ದು ಕೃತಕ ಕಾಲು ಕಟ್ಟಿಕೊಂಡಾನು. ನೋವಿನ ಚಿಕಿತ್ಸೆ ಯೋಧನ ಸೇವೆಯ ಪ್ರಶ್ನೆಯೂ ಹೌದು.

ಅಳತೆಗೋಲು ಯಾವುದು?

ದೇಹ ಸಿದ್ಧವಾದ ಮೇಲೆ ಮೆಡಿಕಲ್ ಬೋರ್ಡ್. ನಮ್ಮ ಸೇನೆಯಲ್ಲಿ ಯೋಧನ ಆರೋಗ್ಯವನ್ನು ‘ಶೇಪ್’ (SHAPE) ಎಂಬ ಐದು ಇಂಗ್ಲಿಷ್ ಅಕ್ಷರಗಳ ಸೂತ್ರದಿಂದ ಅಳೆಯುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೇಹಸಾಮರ್ಥ್ಯ, ಕಣ್ಣು — ಒಂದೊಂದಕ್ಕೂ 1ರಿಂದ 5ರವರೆಗೆ ದರ್ಜೆ. 1 ಎಂದರೆ ಎಲ್ಲಿಗೆ ಬೇಕಾದರೂ ಕಳಿಸಬಹುದು. 5 ಎಂದರೆ ಸೇವೆಗೆ ಅನರ್ಹ. ನಡುವಿನ ದರ್ಜೆಗಳಲ್ಲಿ ಇರುವವರ ಭವಿಷ್ಯ ತೂಗುಯ್ಯಾಲೆ.

ಬ್ರಿಟನ್ನಿನ ಪೈಲಟ್ ಡಗ್ಲಸ್ ಬೇಡರ್ 1931ರಲ್ಲಿ ವಿಮಾನ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡರು. ಒಂದು ಮೊಣಕಾಲಿನ ಮೇಲೆ, ಇನ್ನೊಂದು ಕೆಳಗೆ. ಅವರು ಮತ್ತೆ ವಿಮಾನ ಹಾರಿಸಿ ತೋರಿಸಿದರು. ವಿಮಾನದ ಪೆಡಲನ್ನು ತೊಡೆಯ ಬಲದಿಂದಲೇ ಒತ್ತಬಹುದು. ಹಾಗಿದ್ದೂ ವಾಯುಪಡೆ 1933ರಲ್ಲಿ ಅವರನ್ನು ನಿವೃತ್ತಿಗೊಳಿಸಿತು, ಏಕೆಂದರೆ ಕಾಲಿಲ್ಲದ ಪೈಲಟ್‌ಗೆ ನಿಯಮಾವಳಿಯಲ್ಲಿ ಜಾಗವಿರಲಿಲ್ಲ. ಮಹಾಯುದ್ಧ ಶುರುವಾದೊಡನೆ ಅದೇ ವಾಯುಪಡೆ ಅವರನ್ನು ಮತ್ತೆ ಕರೆದುಕೊಂಡಿತು, ಅವರು ಇಪ್ಪತ್ತಕ್ಕೂ ಹೆಚ್ಚು ಶತ್ರು ವಿಮಾನಗಳನ್ನು ಉರುಳಿಸಿದರು. 1933ರಿಂದ 1939ರ ನಡುವೆ ಬೇಡರ್ ಅವರ ದೇಹ ಬದಲಾಗಿರಲಿಲ್ಲ. ಬದಲಾದದ್ದು ಸೇನೆ ಕೇಳಿದ ಪ್ರಶ್ನೆ.

ಕಾರ್ಡೋಜೊ ಕೂಡ ದೈಹಿಕ ಪರೀಕ್ಷೆಗಳಲ್ಲಿ ಎರಡು ಕಾಲಿನ ಅಧಿಕಾರಿಗಳನ್ನು ಹಿಂದಿಕ್ಕಿ, ಎತ್ತರದ ಬೆಟ್ಟಗಳಲ್ಲಿ ನಡೆದು ತೋರಿಸಿಯೇ ಬೆಟಾಲಿಯನ್ ಪಡೆದದ್ದು. ಅದಕ್ಕೆ ಒಪ್ಪಿಗೆ ಕೊಟ್ಟ, ಆಗ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಟಿ. ಎನ್. ರೈನಾ ಎರಡನೇ ಮಹಾಯುದ್ಧದ ಕಾಲದಲ್ಲಿ ತಮ್ಮ ಒಂದು ಕಣ್ಣನ್ನೇ ಕಳೆದುಕೊಂಡವರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ವಿಜಯ್ ಒಬೆರಾಯ್ 1965ರ ಯುದ್ಧದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡರು, ಮುಂದೆ ಭೂಸೇನೆಯ ಉಪಮುಖ್ಯಸ್ಥರಾದರು. ನೆಲಬಾಂಬಿಗೆ ಎರಡೂ ಕಾಲು ತೆತ್ತ ಪಂಕಜ್ ಜೋಶಿ 2001ರಲ್ಲಿ ಸಮಗ್ರ ರಕ್ಷಣಾ ಸಿಬ್ಬಂದಿಯ ಮೊದಲ ಮುಖ್ಯಸ್ಥರಾದರು.

ಜವಾನನ ಪಾಲು

ಈ ಹೆಸರುಗಳನ್ನು ಮತ್ತೊಮ್ಮೆ ಓದಿ. ಎಲ್ಲರೂ ಅಧಿಕಾರಿಗಳು. ಅಧಿಕಾರಿಗೆ ಯೋಜನೆ, ತರಬೇತಿ, ಆಡಳಿತದಂಥ ಬೇರೆ ದಾರಿಗಳಿವೆ. ಪದಾತಿದಳದ ಜವಾನನಿಗೆ ಕಾಲೇ ಕಸುಬು. ಕೆಸರು, ಮರಳು, ತೊರೆ ದಾಟುವ ಕಡೆ ಕೃತಕ ಕಾಲು ಕೈಕೊಡಬಹುದು. ಕಂಪ್ಯೂಟರ್ ಮೊಣಕಾಲಿಗೆ ಬ್ಯಾಟರಿ ತುಂಬಿಸಬೇಕು. ಗಸ್ತಿನಲ್ಲಿ ಒಬ್ಬ ಕುಸಿದರೆ ಅಪಾಯ ಇಡೀ ತುಕಡಿಗೆ. ಆದ್ದರಿಂದ ಎಲ್ಲರನ್ನೂ ಮುಂಚೂಣಿಗೆ ಕಳಿಸಿ ಎಂದು ಯಾರೂ ಕೇಳಲಾರರು.

ಆದರೆ ಸೇನೆಯೆಂದರೆ ಗಸ್ತು ಮಾತ್ರವಲ್ಲ. ಸಿಗ್ನಲ್ಸ್, ವರ್ಕ್‌ಶಾಪ್, ಉಗ್ರಾಣ, ಡ್ರೋನ್ ನಿಯಂತ್ರಣ, ಗುಪ್ತಚರ ವಿಶ್ಲೇಷಣೆ, ಹೊಸಬರ ತರಬೇತಿ — ಇಲ್ಲೆಲ್ಲ ಬೇಕಾದದ್ದು ಅನುಭವ, ಕಣ್ಣು, ತಲೆ. ಅಸ್ಸಾಂ ರೆಜಿಮೆಂಟಿನ ಹೊಕಾಟೊ ಸೆಮಾ 2002ರಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡರೂ ಸೇವೆಯಲ್ಲಿ ಉಳಿದರು. ಪುಣೆಯಲ್ಲಿ ಸೇನೆಯೇ ನಡೆಸುವ ಪ್ಯಾರಾ ಕ್ರೀಡಾ ತರಬೇತಿಯಲ್ಲಿ ಗುಂಡು ಎಸೆಯಲು ಕಲಿತು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ 14.65 ಮೀಟರ್ ಎಸೆದು ಕಂಚು ತಂದರು. ಪದಕ ಎಲ್ಲರಿಗೂ ದಕ್ಕದು. ಆದರೆ ತರಬೇತಿ, ಒಳ್ಳೆಯ ಸಾಕೆಟ್, ಕಾಲಕಾಲಕ್ಕೆ ಅದರ ಬದಲಾವಣೆ, ನೋವಿನ ಚಿಕಿತ್ಸೆ, ದೇಹಕ್ಕೆ ತಕ್ಕ ಹುದ್ದೆ — ಇವು ಎಲ್ಲರಿಗೂ ದಕ್ಕಲೇಬೇಕಾದವು.

ಒಬ್ಬ ಯೋಧನನ್ನು ತಯಾರು ಮಾಡಲು ದೇಶ ವರ್ಷಗಳನ್ನು ವೆಚ್ಚ ಮಾಡುತ್ತದೆ. ಆ ಕಲಿಕೆ ಇರುವುದು ಅವನ ಪಾದದಲ್ಲಲ್ಲ, ಪಾದದ ಜೊತೆ ಅದು ಹೋಗುವುದೂ ಇಲ್ಲ. ಮೆಡಿಕಲ್ ಬೋರ್ಡಿನ ಎದುರು ನಿಂತ ಜವಾನನ ಕಡತದಲ್ಲಿ, ಅವನು ಕಳೆದುಕೊಂಡದ್ದರ ಪಕ್ಕದಲ್ಲೇ, ಅವನು ಇಂದಿಗೂ ಮಾಡಬಲ್ಲ ಕೆಲಸಗಳ ಪಟ್ಟಿಯೂ ಇರಲಿ. ಆ ಪಟ್ಟಿಯನ್ನು ಮಾಡಿ ತೋರಿಸಲು ಅವನಿಗೆ ಒಂದು ಅವಕಾಶ ಸಿಗಲಿ. ಹುದ್ದೆಯ ತೀರ್ಮಾನ ಅದಾದ ಮೇಲೆ ಆಗಲಿ.