ಗ್ಯಾಂಗ್‌ಸ್ಟರ್ ಫೆಡೋರಾ: ತಲೆಗೆ ಸರಿಯಾದ ಅಳತೆ ಯಾವುದು? ಬಿಗಿ ಟೋಪಿಯಿಂದ ಕೂದಲು ಉದುರುತ್ತದೆಯೇ?

ಅಗಲವಾದ ಅಂಚು, ಮುಂಭಾಗದಲ್ಲಿ ಎರಡು ಬೆರಳಿನಿಂದ ಚಿವುಟಿದಂತಹ ತಗ್ಗು, ಸುತ್ತಲೂ ಒಂದು ರಿಬ್ಬನ್ ಪಟ್ಟಿ. ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಕಾಣುವ ಈ ಟೋಪಿಯ ಹೆಸರು ಫೆಡೋರಾ. ಈಗ ಇದು ‘ಗ್ಯಾಂಗ್‌ಸ್ಟರ್ ಹ್ಯಾಟ್’ ಎಂಬ ಹೆಸರಿನಲ್ಲಿ ಆನ್‌ಲೈನ್‌ನಲ್ಲಿಯೂ ಸಿಗುತ್ತದೆ. ಆದರೆ ‘ಫ್ರೀ ಸೈಜ್’ ಎಂಬ ಮಾತನ್ನು ನಂಬಿ ತರಿಸಿಕೊಂಡವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಅನುಭವ ಆಗುತ್ತದೆ: ಟೋಪಿ ಕಿವಿಯವರೆಗೆ ಇಳಿಯುತ್ತದೆ, ಇಲ್ಲವೇ ಸ್ವಲ್ಪ ಹೊತ್ತಿಗೇ ಹಣೆ ನೋಯಲು ಶುರುವಾಗುತ್ತದೆ.

ಹಾಗಾದರೆ ತಲೆಗೆ ಹೊಂದುವ ಟೋಪಿಯನ್ನು ಆರಿಸುವುದು ಹೇಗೆ? ಬಿಗಿ ಟೋಪಿ ಹಾಕಿದರೆ ತಲೆ ಬೋಳಾಗುತ್ತದೆ ಎಂಬುದು ನಿಜವೇ? ಹಳೆಯ ಕಾಲದ ಅಸಲಿ ಟೋಪಿ ಕೊಳ್ಳುವುದು ಸುರಕ್ಷಿತವೇ? ಒಂದೊಂದಾಗಿ ನೋಡೋಣ.

ಇದು ನಿಜಕ್ಕೂ ಗ್ಯಾಂಗ್‌ಸ್ಟರ್‌ಗಳ ಟೋಪಿಯೇ?

ಅಲ್ಲ. ಫೆಡೋರಾ ಎಂಬ ಹೆಸರು ಬಂದಿದ್ದು ಒಂದು ನಾಟಕದಿಂದ. ಫ್ರೆಂಚ್ ನಾಟಕಕಾರ ವಿಕ್ಟೋರಿಯನ್ ಸಾರ್ದೂ ಬರೆದ ‘ಫೆಡೋರಾ’ 1882ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ರಾಜಕುಮಾರಿ ಫೆಡೋರಾ ಪಾತ್ರ ಮಾಡಿದವರು ಹೆಸರಾಂತ ನಟಿ ಸಾರಾ ಬರ್ನಾರ್ಡ್. ಅಂದರೆ ಗಂಡಸರ ಗತ್ತಿನ ಗುರುತು ಎನಿಸಿಕೊಂಡ ಈ ಟೋಪಿಗೆ ಇರುವುದು ಒಂದು ಹೆಣ್ಣು ಪಾತ್ರದ ಹೆಸರು!

ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧ ಜಾರಿಯಲ್ಲಿತ್ತು. ಅಲ್ ಕಪೋನೆಯಂತಹ ಗ್ಯಾಂಗ್‌ಸ್ಟರ್‌ಗಳು ಬೆಳೆದಿದ್ದು ಈ ಅವಧಿಯಲ್ಲೇ. ಅವರು ಈ ಬಗೆಯ ಟೋಪಿ ಧರಿಸುತ್ತಿದ್ದುದು ಹೌದು. ಆದರೆ ಅವರನ್ನು ಹಿಡಿಯಲು ಬಂದ ಪತ್ತೇದಾರರು, ಸುದ್ದಿ ಬರೆದ ಪತ್ರಕರ್ತರು, ಬ್ಯಾಂಕಿನ ಗುಮಾಸ್ತರು ಕೂಡ ಇಂತಹದ್ದೇ ಟೋಪಿ ಹಾಕುತ್ತಿದ್ದರು. ‘ಲಿಟಲ್ ಸೀಸರ್’ (1931), ‘ಸ್ಕಾರ್‌ಫೇಸ್’ (1932) ತರಹದ ಸಿನಿಮಾಗಳು ಅದನ್ನು ಅಪರಾಧ ಲೋಕದ ಜೊತೆ ಗಂಟು ಹಾಕಿದವು. ‘ದಿ ಮಾಲ್ಟೀಸ್ ಫಾಲ್ಕನ್’ (1941) ಸಿನಿಮಾದಲ್ಲಿ ಅದೇ ಟೋಪಿ ಹಾಕಿದ ಹಂಫ್ರಿ ಬೊಗಾರ್ಟ್ ಮಾಡಿದ್ದು ಪತ್ತೇದಾರನ ಪಾತ್ರ.

ಇನ್ನೊಂದು ವಿಷಯ. ಅಂಚು ಕಿರಿದಾಗಿದ್ದು ಹಿಂಭಾಗದಲ್ಲಿ ಮೇಲಕ್ಕೆ ಮಡಚಿರುವ ಟೋಪಿಯ ಹೆಸರು ಟ್ರಿಲ್ಬಿ. ಅನೇಕರು ಇದನ್ನೂ ಫೆಡೋರಾ ಎಂದೇ ಮಾರುತ್ತಾರೆ. ಕೊಳ್ಳುವ ಮೊದಲು ಅಂಚಿನ ಅಗಲ ನೋಡಿ.

ತಲೆಯ ಅಳತೆ ತೆಗೆಯುವುದು ಹೇಗೆ?

ದರ್ಜಿಗಳು ಬಳಸುವ ಟೇಪ್ ಸಾಕು. ಹಣೆಯ ಮಧ್ಯದಿಂದ ಆರಂಭಿಸಿ, ಕಿವಿಗಳಿಗಿಂತ ಒಂದು ಬೆರಳು ಮೇಲೆ ಹಾಯ್ದು, ತಲೆಯ ಹಿಂಭಾಗದಲ್ಲಿ ಉಬ್ಬಿರುವ ಮೂಳೆಯ ಮೇಲೆ ಟೇಪ್ ಸುತ್ತಿ. ಬಿಗಿಯಾಗಿ ಎಳೆಯಬೇಡಿ. ಎರಡು ಮೂರು ಸಲ ಅಳೆದು, ಬಂದ ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಿ. ಟೇಪ್ ಇಲ್ಲದಿದ್ದರೆ ದಾರ ಸುತ್ತಿ, ಅದನ್ನು ಸ್ಕೇಲಿನ ಮೇಲೆ ಅಳೆಯಬಹುದು.

ಈ ಸಂಖ್ಯೆ 58 ಸೆಂ.ಮೀ. ಎಂದುಕೊಳ್ಳೋಣ. ಯುರೋಪಿನ ಟೋಪಿಗಳಲ್ಲಿ ಇದನ್ನು 58 ಎಂದೇ ಬರೆದಿರುತ್ತಾರೆ. ಅಮೆರಿಕದ ಟೋಪಿಯಲ್ಲಿ 7¼ ಎಂದಿರುತ್ತದೆ. ಇದೇನು ಲೆಕ್ಕ? ಸುತ್ತಳತೆಯನ್ನು ಇಂಚಿಗೆ ಬದಲಿಸಿ (58 ಸೆಂ.ಮೀ. ಎಂದರೆ ಸುಮಾರು 22.8 ಇಂಚು) 3.14ರಿಂದ ಭಾಗಿಸಿದರೆ ಸುಮಾರು 7¼ ಬರುತ್ತದೆ. ಶಾಲೆಯಲ್ಲಿ ಕಲಿತ ‘ಪೈ’ ಇಲ್ಲಿದೆ. ಬ್ರಿಟನ್ನಿನ ಸಂಖ್ಯೆ ಅಮೆರಿಕದ್ದಕ್ಕಿಂತ ⅛ ಕಡಿಮೆ. ಹಾಗಾಗಿ ಅದೇ 58 ಅಲ್ಲಿ 7⅛ ಆಗುತ್ತದೆ. ವಿದೇಶಿ ಟೋಪಿ ತರಿಸುವಾಗ ಯಾವ ದೇಶದ ಸಂಖ್ಯೆ ಎಂದು ಗಮನಿಸದಿದ್ದರೆ ಟೋಪಿ ಹಾಕಿಸಿಕೊಂಡಂತೆಯೇ!

ಎರಡು ಅಳತೆಗಳ ನಡುವೆ ನಿಮ್ಮ ತಲೆ ಇದ್ದರೆ ದೊಡ್ಡದನ್ನೇ ಆರಿಸಿ. ಟೋಪಿಯ ಒಳಗಿನ ಚರ್ಮದ ಪಟ್ಟಿಯ ಹಿಂದೆ ತೆಳುವಾದ ಫೋಮ್ ಪಟ್ಟಿ ಸೇರಿಸಿ ಸಡಿಲನ್ನು ಸರಿ ಮಾಡಬಹುದು. ಬಿಗಿಯನ್ನು ಸರಿ ಮಾಡುವುದು ಅಷ್ಟು ಸುಲಭವಲ್ಲ.

ಅಳತೆ ಸರಿಯಿದ್ದರೂ ಟೋಪಿ ಕೂರುವುದಿಲ್ಲ, ಏಕೆ?

ಏಕೆಂದರೆ ಸುತ್ತಳತೆ ಒಂದೇ ಇದ್ದರೂ ತಲೆಗಳ ಆಕಾರ ಒಂದೇ ಇರುವುದಿಲ್ಲ. ಕೆಲವರ ತಲೆ ಮುಂದಿನಿಂದ ಹಿಂದಕ್ಕೆ ಉದ್ದ, ಇನ್ನು ಕೆಲವರದು ಹೆಚ್ಚು ದುಂಡಗೆ. ಉದ್ದ ತಲೆಯ ಮೇಲೆ ದುಂಡನೆಯ ಟೋಪಿ ಇಟ್ಟರೆ ಹಣೆ ಮತ್ತು ಹಿಂಭಾಗದಲ್ಲಿ ಒತ್ತುತ್ತದೆ, ಕಿವಿಗಳ ಮೇಲೆ ಸಂದಿ ಉಳಿಯುತ್ತದೆ. ದುಂಡು ತಲೆಗೆ ಉದ್ದನೆಯ ಟೋಪಿ ಇಟ್ಟರೆ ಇದರ ತದ್ವಿರುದ್ಧ. ಈ ಸಮಸ್ಯೆಗೆಂದೇ 19ನೇ ಶತಮಾನದ ಫ್ರಾನ್ಸ್‌ನಲ್ಲಿ ‘ಕಾನ್ಫಾರ್ಮೇಟರ್’ ಎಂಬ ಸಾಧನ ಬಂತು. ಅದನ್ನು ತಲೆಯ ಮೇಲಿಟ್ಟರೆ ತಲೆಯ ಆಕಾರದ ಪುಟ್ಟ ನಕ್ಷೆ ಕಾಗದದ ಮೇಲೆ ಮೂಡುತ್ತಿತ್ತು.

ಮೈಸೂರು ಪೇಟದಂತೆ ತಲೆಗೇ ಸುತ್ತುವ ಬಟ್ಟೆಗೆ ಈ ತೊಂದರೆ ಇಲ್ಲ, ಅದು ತಲೆಯ ಆಕಾರವನ್ನೇ ಪಡೆಯುತ್ತದೆ. ಸಿದ್ಧ ಟೋಪಿ ಹಾಗಲ್ಲ. ಆದ್ದರಿಂದ ಹಾಕಿ ಪರೀಕ್ಷಿಸಿ: ಅಂಚು ಹುಬ್ಬಿಗಿಂತ ಒಂದೆರಡು ಬೆರಳು ಮೇಲೆ ಇರಲಿ. ಬಾಗಿದಾಗ ಬೀಳಬಾರದು. ಸುತ್ತಲೂ ಒಂದು ಬೆರಳು ಒಳಗೆ ಹೋಗುವಷ್ಟು ಜಾಗವಿರಲಿ. ಹತ್ತು ನಿಮಿಷದ ನಂತರ ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಆಳವಾಗಿ ಮೂಡಿದ್ದರೆ ಅದು ನಿಮ್ಮ ಟೋಪಿ ಅಲ್ಲ.

ಅಂದ ಹಾಗೆ, ಈ ಸಡಿಲಿನ ನಿಯಮ ಬೈಕ್ ಹೆಲ್ಮೆಟ್‌ಗೆ ಅನ್ವಯಿಸುವುದಿಲ್ಲ. ಅದು ಕೆನ್ನೆಗೆ ಒತ್ತಿಕೊಂಡು, ಅಲುಗಾಡದಂತೆ ಕೂರಬೇಕು.

ಬಿಗಿ ಟೋಪಿಯಿಂದ ತಲೆ ಬೋಳಾಗುತ್ತದೆಯೇ?

ಟೋಪಿ ರಕ್ತ ಸಂಚಾರ ತಡೆಯುತ್ತದೆ, ಕೂದಲಿಗೆ ಗಾಳಿ ಸಿಗುವುದಿಲ್ಲ, ಹಾಗಾಗಿ ಕೂದಲು ಉದುರುತ್ತದೆ ಎಂಬ ಮಾತಿದೆ. ಇದು ತಪ್ಪು. ಕೂದಲಿನ ಬೇರಿಗೆ ಆಮ್ಲಜನಕ ಮುಖ್ಯವಾಗಿ ಸಿಗುವುದು ರಕ್ತದಿಂದ. ಅದನ್ನು ನಿಲ್ಲಿಸುವಷ್ಟು ಬಿಗಿಯಾದ ಟೋಪಿಯನ್ನು ನೋವಿಲ್ಲದೆ ಹಾಕಿಕೊಳ್ಳಲು ಆಗುವುದಿಲ್ಲ. ಗಂಡಸರಲ್ಲಿ ಸಾಮಾನ್ಯವಾಗಿ ಕಾಣುವ ಬೋಳುತನಕ್ಕೆ ಕಾರಣ ವಂಶವಾಹಿ ಮತ್ತು ಹಾರ್ಮೋನು. ಕೂದಲನ್ನು ನಿರಂತರವಾಗಿ ಎಳೆದು ಕಟ್ಟಿದಾಗ ಆಗುವ ನಷ್ಟ ಬೇರೆ ಬಗೆಯದು.

ಆದರೆ ತಲೆನೋವು ಮಾತ್ರ ನಿಜ. ಟೋಪಿ, ಹೆಲ್ಮೆಟ್, ಈಜು ಕನ್ನಡಕದಂತಹ ವಸ್ತುಗಳು ತಲೆಯನ್ನು ಒತ್ತುವುದರಿಂದ ಬರುವ ನೋವನ್ನು ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪ್ರತ್ಯೇಕವಾಗಿ ಗುರುತಿಸಲಾಗಿದೆ. ಒತ್ತಡ ಶುರುವಾದ ಒಂದು ಗಂಟೆಯೊಳಗೆ ನೋವು ಬರುತ್ತದೆ, ತೆಗೆದ ಒಂದು ಗಂಟೆಯೊಳಗೆ ಹೋಗುತ್ತದೆ. ಹೋಗದಿದ್ದರೆ ಕಾರಣ ಬೇರೆ ಇರಬಹುದು, ವೈದ್ಯರನ್ನು ಕಾಣಿ.

ಹಳೆಯ ಅಸಲಿ ಟೋಪಿ ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಎರಡು ಎಚ್ಚರಿಕೆ ಬೇಕು. ಮೊದಲನೆಯದು ಅಳತೆಯದ್ದು. ಒಳಗಿನ ಚರ್ಮದ ಪಟ್ಟಿ ದಶಕಗಳಲ್ಲಿ ಒಣಗಿ ಕುಗ್ಗಿರುತ್ತದೆ. ಆದ್ದರಿಂದ ಚೀಟಿಯಲ್ಲಿರುವ ಸಂಖ್ಯೆಯನ್ನು ನಂಬದೆ, ಈಗಿನ ಒಳಸುತ್ತಳತೆ ಎಷ್ಟಿದೆ ಎಂದು ಮಾರುವವರನ್ನು ಕೇಳಿ.

ಎರಡನೆಯದು ಆರೋಗ್ಯದ್ದು. ಫೆಲ್ಟ್ ಎಂದರೆ ನೇಯದೆ, ಮೊಲದಂತಹ ಪ್ರಾಣಿಗಳ ತುಪ್ಪಳವನ್ನು ಬಿಸಿ, ತೇವ ಮತ್ತು ಒತ್ತಡದಿಂದ ಹೆಣೆದುಕೊಳ್ಳುವಂತೆ ಮಾಡಿದ ಬಟ್ಟೆ. ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲಿ ಎಂದು ಅದಕ್ಕೆ ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಅದರ ಆವಿ ಕುಡಿದ ಕಾರ್ಮಿಕರಿಗೆ ಕೈ ನಡುಕ, ಮನಸ್ಸಿನ ಏರುಪೇರು ಕಾಡುತ್ತಿದ್ದವು. ಅಮೆರಿಕದ ಟೋಪಿ ಉದ್ಯಮದ ಕೇಂದ್ರವಾಗಿದ್ದ ಡ್ಯಾನ್‌ಬರಿಯಲ್ಲಿ ಈ ಕಾಯಿಲೆಗೆ ‘ಡ್ಯಾನ್‌ಬರಿ ನಡುಕ’ ಎಂದೇ ಹೆಸರಿತ್ತು. ಫೆಲ್ಟ್ ತಯಾರಿಕೆಯಲ್ಲಿ ಪಾದರಸದ ಬಳಕೆ ಅಲ್ಲಿ ನಿಂತಿದ್ದು 1941ರಲ್ಲಿ. ಅಂದರೆ ಸಿನಿಮಾಗಳು ವೈಭವೀಕರಿಸಿದ ಆ ಕಾಲದ ಟೋಪಿಗಳ ಹಿಂದೆ, ಪರದೆಯ ಮೇಲೆ ಎಂದೂ ಕಾಣದ ಕಾರ್ಮಿಕರ ಆರೋಗ್ಯವಿತ್ತು.

ಹೆಚ್ಚು ತೊಂದರೆ ಅನುಭವಿಸಿದ್ದು ತಯಾರಿಸಿದವರೇ ಹೊರತು ಧರಿಸಿದವರಲ್ಲ. ಆದರೂ ಹಳೆಯ ಫೆಲ್ಟ್‌ನಲ್ಲಿ ಪಾದರಸದ ಅಂಶ ಉಳಿದಿರಬಹುದು. 1940ಕ್ಕಿಂತ ಹಿಂದಿನ ಟೋಪಿಯನ್ನು ಹಿಗ್ಗಿಸಲು ಮನೆಯಲ್ಲಿ ಹಬೆ ಹಿಡಿಯಬೇಡಿ, ಮಕ್ಕಳ ಆಟಕ್ಕೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಅಂತಹ ಟೋಪಿ ಕಪಾಟಿನ ಗಾಜಿನ ಹಿಂದೆ ಇರುವುದೇ ಒಳ್ಳೆಯದು.

ಒಟ್ಟಿನಲ್ಲಿ

ಫೆಡೋರಾ ಗ್ಯಾಂಗ್‌ಸ್ಟರ್‌ಗಳದ್ದಷ್ಟೇ ಅಲ್ಲ, ಬಿಗಿ ಟೋಪಿ ತಲೆಯನ್ನು ಬೋಳು ಮಾಡುವುದಿಲ್ಲ, ‘ಫ್ರೀ ಸೈಜ್’ ಎಲ್ಲರಿಗೂ ಹೊಂದುವುದಿಲ್ಲ. ಹಾಕಿಕೊಂಡು ತಿರುಗಾಡುವ ಆಸೆಯಿದ್ದರೆ ಹೊಸ ಟೋಪಿಯನ್ನೇ ಕೊಳ್ಳಿ. ಅದಕ್ಕೂ ಮೊದಲು ಟೇಪ್ ತೆಗೆದು ತಲೆ ಅಳೆಯಿರಿ.