ಜ್ವರ ಬಿಟ್ಟ ಮೇಲೆ ಎದೆನೋವು: ರಕ್ತಪರೀಕ್ಷೆ ಹೇಳುವುದೇನು?

ನೆಗಡಿ, ಜ್ವರ ಬಂದು ವಾಸಿಯಾಗಿ ಒಂದೆರಡು ವಾರ ಕಳೆದಿರುತ್ತದೆ. ಆಗ ಎದೆನೋವು, ಏದುಸಿರು, ಎದೆಬಡಿತದ ಏರುಪೇರು, ಮಿತಿಮೀರಿದ ಆಯಾಸ ತಲೆದೋರುತ್ತವೆ. 'ವಾಯು ತುಂಬಿಕೊಂಡಿದೆ, ಕಷಾಯ ಕೊಡಿ' ಎಂದು ನಮ್ಮಲ್ಲಿಗೆ ಬರುವವರುಂಟು. ಅಂಥವರಿಗೆ ನಾವು ಮೊದಲು ಕಷಾಯ ಬರೆಯುವುದಿಲ್ಲ. ಇಸಿಜಿ ಮತ್ತು ರಕ್ತಪರೀಕ್ಷೆಗೆ ಕಳುಹಿಸುತ್ತೇವೆ. ಏಕೆಂದರೆ ಇದು ಹೃದಯಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್ ಆಗಿರಬಹುದು. ಇದಕ್ಕೆ ವೈರಾಣು ಸೋಂಕೇ ಸಾಮಾನ್ಯ ಕಾರಣ. ಡೆಂಗ್ಯೂ, ಕೋವಿಡ್‌ಗಳಲ್ಲಿಯೂ ಇದು ಉಂಟಾಗಬಹುದು. ಆರೋಗ್ಯವಂತ ತರುಣರನ್ನೂ ಇದು ಬಿಡದು.

ಚರಕಸಂಹಿತೆಯು ಐದು ವಿಧದ ಹೃದ್ರೋಗಗಳನ್ನು ವಿವರಿಸಿದೆ. ಆದರೂ ಹೃದಯದ ಸ್ನಾಯುಕೋಶಗಳಿಗೆ ಪೆಟ್ಟಾಗಿದೆಯೇ ಎಂಬುದನ್ನು ನಾಡಿಪರೀಕ್ಷೆಯೊಂದರಿಂದಲೇ ನಿಶ್ಚಯಿಸಲಾಗದು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ರಕ್ತಪರೀಕ್ಷೆಗಳಲ್ಲಿ ಮುಖ್ಯವಾದುದು ಟ್ರೋಪೋನಿನ್. ಇದು ಹೃದಯಸ್ನಾಯುವಿನ ಕೋಶಗಳೊಳಗಿರುವ ಪ್ರೋಟೀನು. ಕೋಶಕ್ಕೆ ಹಾನಿಯಾದಾಗ ರಕ್ತಕ್ಕೆ ಸೋರುತ್ತದೆ. ಆದುದರಿಂದ ಅದರ ಪ್ರಮಾಣ ಏರಿದ್ದರೆ ಸ್ನಾಯುವಿಗೆ ಹಾನಿಯಾಗಿದೆಯೆಂದು ತಿಳಿಯುತ್ತದೆ. ಏಕೆ ಆಯಿತೆಂದು ತಿಳಿಯದು. ಹೃದಯಾಘಾತದಲ್ಲಿಯೂ ಅದು ಏರುತ್ತದೆ. ಮೂತ್ರಪಿಂಡದ ದೀರ್ಘಕಾಲದ ರೋಗದಲ್ಲಿಯೂ ಹೆಚ್ಚಿರಬಹುದು. ಕೆಲವು ಗಂಟೆಗಳ ಬಳಿಕ ಮತ್ತೊಮ್ಮೆ ರಕ್ತ ತೆಗೆಯುವುದು ಈ ಪ್ರಮಾಣದ ಏರಿಳಿತವನ್ನು ನೋಡುವುದಕ್ಕಾಗಿ. ಅದನ್ನು ವೃಥಾ ಖರ್ಚೆಂದು ಭಾವಿಸಬಾರದು.

ಸಿ.ಆರ್.ಪಿ. ಮತ್ತು ಇ.ಎಸ್.ಆರ್. ಪರೀಕ್ಷೆಗಳು ದೇಹದಲ್ಲಿ ಉರಿಯೂತವಿದೆಯೆಂದು ಸೂಚಿಸುತ್ತವೆ. ಅದು ಮಂಡಿಯಲ್ಲಿದೆಯೋ, ಶ್ವಾಸಕೋಶದಲ್ಲಿದೆಯೋ, ಹೃದಯದಲ್ಲಿದೆಯೋ ಎಂಬುದನ್ನು ಹೇಳಲಾರವು. ಬಿ.ಎನ್.ಪಿ. ಪರೀಕ್ಷೆಯು ಹೃದಯದ ಮೇಲೆ ಬಿದ್ದಿರುವ ಒತ್ತಡವನ್ನು ತೋರುತ್ತದೆ.

ಓದುಗರು ಮರೆಯಬಾರದ ಮಾತೊಂದಿದೆ. ರಕ್ತದ ವರದಿ ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳುವಂತಿಲ್ಲ. ಟ್ರೋಪೋನಿನ್ ಸಹಜ ಪ್ರಮಾಣದಲ್ಲಿದ್ದರೂ ಉರಿಯೂತವಿರಬಹುದು. ಆದಕಾರಣ ವೈದ್ಯರು ಇಸಿಜಿ, ಎಕೋ ಪರೀಕ್ಷೆಗಳನ್ನೂ ಅಗತ್ಯವಿದ್ದರೆ ಹೃದಯದ ಎಂ.ಆರ್.ಐ.ಯನ್ನೂ ಸೇರಿಸಿ ನಿರ್ಣಯಿಸುತ್ತಾರೆ. ಹೃದಯಸ್ನಾಯುವಿನ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ಖಚಿತ ನಿರ್ಣಯ ದೊರೆಯುತ್ತದೆ. ಅದು ಎಲ್ಲರಿಗೂ ಬೇಕಾಗುವುದಿಲ್ಲ.

ರೋಗ ಖಚಿತವಾದವರು ಸಾಮಾನ್ಯವಾಗಿ 3ರಿಂದ 6 ತಿಂಗಳು ಓಟ, ಆಟ, ಭಾರವಾದ ದುಡಿಮೆಗಳಿಂದ ದೂರವಿರಬೇಕಾಗುತ್ತದೆ. ಮೈ ಹಗುರವೆನಿಸಿತೆಂದು ವೈದ್ಯರ ಅನುಮತಿಯಿಲ್ಲದೆ ಮತ್ತೆ ಆರಂಭಿಸಿದರೆ ಪ್ರಾಣಕ್ಕೆ ಅಪಾಯ.

ಪಥ್ಯವೂ ಮನೆಮದ್ದೂ ತಮ್ಮ ಸ್ಥಾನದಲ್ಲಿ ಹಿತಕರವೇ. ಆದರೆ ಜ್ವರದ ಬೆನ್ನಲ್ಲೇ ಎದೆನೋವು, ಏದುಸಿರು ಅಥವಾ ಮೂರ್ಛೆ ಕಂಡುಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ನಾವು ಕಳಕಳಿಯಿಂದ ವಿನಂತಿಸುತ್ತೇವೆ.